ಮನೆ ಸಾಲಿನಲ್ಲಿ ಅಂಗಡಿ: ಬೇಕಾ, ಬೇಡವಾ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದೇ ಹೊಸ ಲೇಔಟಿಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ. ಒಬ್ಬರು "ಒಂದು ಬೆಂಕಿಪೊಟ್ಟಣ ಬೇಕಿದ್ರೂ ಮೈನ್ ರೋಡಿಗೆ ಹೋಗ್ಬೇಕು, ಇಲ್ಲೇ ಒಂದು ಅಂಗಡಿ ಆದ್ರೆ ಒಳ್ಳೇದಿತ್ತು" ಅಂತಾರೆ. ಇನ್ನೊಬ್ಬರು "ಪಕ್ಕದ ಮನೆ ಕೆಳಗೆ ವೆಲ್ಡಿಂಗ್ ಶಾಪ್ ಮಾಡಿದ್ದಾರೆ, ಮಧ್ಯಾಹ್ನ ಮಗು ಮಲಗುದಿಲ್ಲ" ಅಂತಾರೆ. ಇಬ್ಬರದೂ ಸತ್ಯವೇ. ಈ ಎರಡು ಸತ್ಯಗಳ ನಡುವೆ ಗ್ರಾಮಸಭೆಯಲ್ಲೋ ಪುರಸಭೆಯಲ್ಲೋ ಒಂದು ಅರ್ಜಿ ಬಂದು ಬಿದ್ದಾಗ ಜಗಳ ಶುರುವಾಗ್ತದೆ.

ನಾವು ಈ ಸಲದ ಅಧ್ಯಯನ ಲೇಖನಕ್ಕೆ ಈ ವಿಷಯವನ್ನೇ ತೆಗೆದುಕೊಂಡಿದ್ದೇವೆ. ಕಾರಣ ಎರಡು. ಮೊದಲನೆಯದು, ಇದರಲ್ಲಿ ನೀರು, ಸದ್ದು, ರಸ್ತೆಯ ಅಗಲ ಎಲ್ಲ ಬರ್ತದೆ; ಅಂದರೆ ಲೆಕ್ಕ ಹಾಕಿ ನೋಡಬಹುದಾದ ವಿಷಯ. ಎರಡನೆಯದು, ಈ ಜಗಳದಲ್ಲಿ ನಾವು ಹೊರಗಿನವರಲ್ಲ. ಕ್ಯಾಂಪಸ್ಸಿನ ಸುತ್ತ ಹುಟ್ಟಿದ ಪಿಜಿ, ಮೆಸ್, ಝೆರಾಕ್ಸ್ ಅಂಗಡಿ, ಜ್ಯೂಸ್ ಸೆಂಟರ್ ಎಲ್ಲ ಯಾರಿಗಾಗಿ ಬಂದದ್ದು? ನಮಗಾಗಿಯೇ ಅಲ್ವಾ.

ನಮ್ಮ ಮೂರು ಊರು ಬೆಳೆದ ಬಗೆ

ಮನೆ ಬೇರೆ, ಅಂಗಡಿ ಬೇರೆ ಅನ್ನುವುದು ನಮ್ಮ ಕಡೆ ಹಳೆಯ ವಿಚಾರ ಅಲ್ಲವೇ ಅಲ್ಲ. ಬಂಟ್ವಾಳದ ಹಳೆ ಪೇಟೆಯನ್ನು ನೋಡಿ. ನೇತ್ರಾವತಿ ದಂಡೆಯ ಈ ಪೇಟೆ ಘಟ್ಟದ ಮೇಲಿನ ಸರಕು ಇಳಿದು ದೋಣಿಯಲ್ಲಿ ಮಂಗಳೂರಿಗೆ ಹೋಗ್ತಿದ್ದ ಕಾಲದ್ದು. ರಸ್ತೆಗೆ ಮುಖ ಮಾಡಿ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. ಆ ಕಟ್ಟಡವೇ ಮಿಶ್ರ ಬಳಕೆಯ ಪಾಠ. 1923 ಮತ್ತು 1974ರ ನೆರೆಯಲ್ಲಿ ಪೇಟೆಗೆ ನೀರು ನುಗ್ಗಿತು. ಹೆದ್ದಾರಿ ಬೆಳೆದ ಮೇಲೆ ವ್ಯಾಪಾರದ ಕೇಂದ್ರ ನದಿಯಿಂದ ರಸ್ತೆಗೆ, ಅಂದರೆ ಬಂಟ್ವಾಳ ಕ್ರಾಸ್ ರೋಡಿಗೆ ಸರಿಯಿತು. ಎಲ್ಲರ ಬಾಯಲ್ಲೂ ಅದು ಬಿ.ಸಿ.ರೋಡು. ರಾಷ್ಟ್ರೀಯ ಹೆದ್ದಾರಿ 75ರ ಎರಡೂ ಬದಿ ಅಂಗಡಿ ತುಂಬಿದ ಮೇಲೆ ಒಳರಸ್ತೆಗಳ ಸರದಿ ಬಂತು.

ಬೆಳ್ತಂಗಡಿಯ ಕಥೆ ಸ್ವಲ್ಪ ಬೇರೆ. ತಾಲೂಕು ಕೇಂದ್ರ ಒಂದು ಪಟ್ಟಣ ಪಂಚಾಯತ್. ಆದರೆ ತಾಲೂಕಿನ ವ್ಯಾಪಾರ ಗುರುವಾಯನಕೆರೆ, ಉಜಿರೆ, ಮಡಂತ್ಯಾರು, ವೇಣೂರು ಅಂತ ಹರಡಿಕೊಂಡಿದೆ. ಉಜಿರೆ ಆಡಳಿತದ ಲೆಕ್ಕದಲ್ಲಿ ಗ್ರಾಮ, ನೋಡ್ಲಿಕ್ಕೆ ವಿದ್ಯಾರ್ಥಿಗಳ ಪಟ್ಟಣ. ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರ ದಾರಿಯೂ ಹೌದು. ಅಡಿಕೆ ತೋಟದ ಬದಿಯ ಮನೆಯೊಂದು ಪಿಜಿ ಆಗುವುದು ಇಂಥ ಊರಿನಲ್ಲಿ ಸಹಜ.

ಮೂಡುಬಿದಿರೆ ಇನ್ನೂ ಹಳೆಯದು. 1430ರಲ್ಲಿ ಪೂರ್ತಿಯಾದ ಸಾವಿರ ಕಂಬದ ಬಸದಿ, ಸುತ್ತ ಜೈನ್ ಪೇಟೆ; ಇದೂ ದೇವರು, ಮನೆ, ವ್ಯಾಪಾರ ಒಂದೇ ಬೀದಿಯಲ್ಲಿ ಇದ್ದ ಊರು. ಆಮೇಲೆ ವಿದ್ಯಾಗಿರಿ, ಮಿಜಾರು ಕಡೆ ಕಾಲೇಜುಗಳು ಬಂದವು. ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕದವರು ಮನೆ ಬಾಡಿಗೆ ಹುಡುಕಿದರು. ಬಾಡಿಗೆ ಮನೆಯ ಬದಿಗೆ ತಿಂಡಿ ಅಂಗಡಿ ಬಂತು.

ಇನ್ನೊಂದನ್ನು ಬಿಟ್ಟರೆ ಈ ಮೂರೂ ಊರಿನ ಕಥೆ ಪೂರ್ತಿ ಆಗುವುದಿಲ್ಲ: ಬೀಡಿ. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಜಗಲಿಯಲ್ಲಿ ಸೂಪು ಮಡಿಲಲ್ಲಿಟ್ಟುಕೊಂಡು ಹೆಂಗಸರು ಬೀಡಿ ಕಟ್ಟಿದ್ದರಿಂದ ಮಕ್ಕಳ ಫೀಸು ಕಟ್ಟಲಾಗಿದೆ. ಅದು ವಸತಿ ಪ್ರದೇಶದಲ್ಲೇ ನಡೆದ ಉದ್ಯಮ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕೆಲಸ ಮಾಡುವವರನ್ನೂ ಕಾರ್ಮಿಕರು ಅಂತಲೇ ಒಪ್ಪಿತು. ಆಗ ಯಾರೂ "ವಸತಿ ವಲಯದಲ್ಲಿ ವಾಣಿಜ್ಯ" ಅಂತ ದೂರು ಕೊಟ್ಟು ತಲೆಕೆಡಿಸಿಕೊಳ್ಳಲಿಲ್ಲ. ಯಾಕೆ? ಸದ್ದಿಲ್ಲ, ಗಾಡಿ ಇಲ್ಲ, ಹೆಚ್ಚಿನ ಕೊಳಚೆ ನೀರು ಇಲ್ಲ. ಈ "ಯಾಕೆ"ಯನ್ನು ಹಿಡಿದಿಟ್ಟುಕೊಳ್ಳಿ; ಮುಂದೆ ಬೇಕಾಗ್ತದೆ.

ಕಾನೂನು ಎಂತ ಹೇಳ್ತದೆ?

ಒಂದು ಮನೆ ಅಂಗಡಿಯಾಗಬೇಕಾದರೆ ಒಂದೇ ಕಚೇರಿಯ ಅನುಮತಿ ಸಾಕಾಗುವುದಿಲ್ಲ. ಬೇರೆಬೇರೆ ಕಾಯ್ದೆಗಳು ಬೇರೆಬೇರೆ ಪ್ರಶ್ನೆ ಕೇಳ್ತವೆ.

ಮೊದಲನೆಯದು ಭೂಮಿಯ ಪ್ರಶ್ನೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಸೆಕ್ಷನ್ ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಪರಿವರ್ತಿಸುವ ಬಗ್ಗೆ. ನಮ್ಮ ಕಡೆ ಎಲ್ಲರೂ "ಕನ್ವರ್ಷನ್" ಅನ್ನುವುದು ಇದನ್ನೇ. ಕನ್ವರ್ಷನ್ ಆದ ಮಾತ್ರಕ್ಕೆ ಏನು ಬೇಕಾದರೂ ಕಟ್ಟಬಹುದು ಅಂತ ಅಲ್ಲ. ವಾಸಕ್ಕೋ ವಾಣಿಜ್ಯಕ್ಕೋ ಅಂತ ಆದೇಶದಲ್ಲೇ ಇರ್ತದೆ.

ಎರಡನೆಯದು ಯೋಜನೆಯ ಪ್ರಶ್ನೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಯೋಜನಾ ಪ್ರದೇಶದೊಳಗೆ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ ಹೀಗೆ ಬಣ್ಣ ಹಚ್ಚಿ ವಿಂಗಡಿಸ್ತದೆ. ಆ ಬಣ್ಣವನ್ನು ಬದಲಿಸಬೇಕಾದರೆ 14-ಎ ಸೆಕ್ಷನ್ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪ ಕೇಳಬೇಕು. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಸರ್ವೇ ನಂಬರುಗಳನ್ನು ನಾವು ಓದದೆ ಪುಟ ತಿರುಗಿಸ್ತೇವಲ್ಲ, ಪಕ್ಕದ ಮನೆಯ ಭವಿಷ್ಯ ಅಲ್ಲಿ ಇರಬಹುದು.

ಮೂರನೆಯದು ಕಟ್ಟಡ ಮತ್ತು ವ್ಯಾಪಾರದ ಪ್ರಶ್ನೆ. ಪಟ್ಟಣದಲ್ಲಾದರೆ ಕರ್ನಾಟಕ ಪುರಸಭೆಗಳ ಕಾಯ್ದೆ, 1964. ಗ್ರಾಮದಲ್ಲಾದರೆ 1993ರ ಪಂಚಾಯತ್ ರಾಜ್ ಕಾಯ್ದೆ. ಕಟ್ಟಡ ಪರವಾನಗಿ, ಡೋರ್ ನಂಬರ್, ಉದ್ದಿಮೆ ಪರವಾನಗಿ ಇವರ ಕೈಯಲ್ಲಿ. ಇದಲ್ಲದೆ ಮೆಸ್ಕಾಂನಲ್ಲಿ ಗೃಹ ಬಳಕೆಗೆ ಒಂದು ದರ, ವಾಣಿಜ್ಯಕ್ಕೆ ಬೇರೆ ದರ. ಆಸ್ತಿ ತೆರಿಗೆಯಲ್ಲೂ ಹಾಗೆಯೇ.

ಇಲ್ಲೊಂದು ವಿಚಿತ್ರ ಉಂಟು. ಇಷ್ಟೆಲ್ಲ ಕಚೇರಿಗಳಲ್ಲಿ ಪ್ರತಿಯೊಂದೂ ತನ್ನ ಪ್ರಶ್ನೆಯನ್ನು ಮಾತ್ರ ಕೇಳ್ತದೆ. ಮೆಸ್ಕಾಂ ವಾಣಿಜ್ಯ ದರ ಹಾಕಿತು ಅಂದ ಮಾತ್ರಕ್ಕೆ ಅಲ್ಲಿ ಅಂಗಡಿ ಕಾನೂನುಬದ್ಧ ಅಂತಲ್ಲ. ಆದರೆ "ನಾನು ಕಮರ್ಷಿಯಲ್ ಬಿಲ್ ಕಟ್ತಾ ಇದ್ದೇನೆ, ಲೈಸೆನ್ಸೂ ಉಂಟು, ಮತ್ತೆ ಎಂತ ತೊಂದರೆ?" ಅಂತ ಕೇಳುವವರು ಎಷ್ಟೋ ಜನ. ಅವರು ಮೋಸಗಾರರಲ್ಲ, ಯಾವ ಕಾಗದ ಯಾವ ಪ್ರಶ್ನೆಗೆ ಉತ್ತರ ಅಂತ ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ.

ಈ ಗೊಂದಲದ ಬೆಲೆ ಎಷ್ಟು ಅಂತ ಮೀರತ್ ನಗರದ ಪ್ರಕರಣದಲ್ಲಿ ಗೊತ್ತಾಯಿತು. ಶಾಸ್ತ್ರಿ ನಗರದಲ್ಲಿ ವಾಸಕ್ಕೆ ಅಂತ ಹಂಚಿದ ನಿವೇಶನದಲ್ಲಿ ಅಂಗಡಿಗಳು ಎದ್ದು ದಶಕಗಳೇ ಕಳೆದಿದ್ದವು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅವನ್ನು ಕೆಡವಬೇಕು ಅಂದಿತು. ಎಷ್ಟು ವರ್ಷ ಆಯಿತು, ಎಷ್ಟು ಹಣ ಹಾಕಿದ್ದೀರಿ ಅನ್ನುವುದು ಅಕ್ರಮವನ್ನು ಸಕ್ರಮ ಮಾಡುವುದಿಲ್ಲ ಎಂಬುದು ತೀರ್ಪಿನ ತಿರುಳು. ಪೂರ್ಣಗೊಂಡ ಪ್ರಮಾಣಪತ್ರ ನೋಡದೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಅಂತ ಇಡೀ ದೇಶಕ್ಕೆ ಸೂಚನೆಯೂ ಬಂತು. ಅದರ ಬಿಸಿ ನಮ್ಮ ರಾಜ್ಯದಲ್ಲಿ ಹೊಸ ಮನೆ ಕಟ್ಟಿದವರಿಗೂ ತಟ್ಟಿತು.

ಬೇಕು ಅನ್ನುವವರ ಮಾತು

ಮನೆಯ ಹತ್ತಿರ ಅಂಗಡಿ ಬೇಕು ಅನ್ನುವವರದು ಬರೀ ಲಾಭದ ಮಾತಲ್ಲ. ಮೈನ್ ರೋಡಿನಲ್ಲಿ ಕೋಣೆ ಹಿಡಿಯಬೇಕಾದರೆ ಮುಂಗಡ, ತಿಂಗಳ ಬಾಡಿಗೆ ಎಲ್ಲ ಸೇರಿ ಸಣ್ಣವರಿಗೆ ಕೈಗೆಟುಕುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟರೆ ಬಾಡಿಗೆ ಸೊನ್ನೆ. ಚಿಕ್ಕ ಮಕ್ಕಳಿರುವ ಅಮ್ಮ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ, ಕೊಲ್ಲಿ ದೇಶದಿಂದ ಕೆಲಸ ಬಿಟ್ಟು ಬಂದವರು, ಇವರಿಗೆಲ್ಲ ಮನೆಯೇ ಮೊದಲ ಬಂಡವಾಳ. ಹಪ್ಪಳ, ಉಪ್ಪಿನಕಾಯಿ, ಟ್ಯೂಷನ್, ಬ್ಯೂಟಿ ಪಾರ್ಲರ್ ಎಲ್ಲ ಹೀಗೇ ಶುರುವಾದದ್ದು.

ಗಿರಾಕಿಯ ಕಡೆಯಿಂದಲೂ ನೋಡಿ. ಸ್ಕೂಟರ್ ಓಡಿಸಲು ಬಾರದ ಹಿರಿಯರು ಮಳೆಗಾಲದಲ್ಲಿ ಹಾಲಿಗೆ ಹೆದ್ದಾರಿ ದಾಟಿ ಹೋಗಬೇಕಾ? ನಡೆದು ಹೋಗುವ ದೂರದಲ್ಲಿ ದಿನಸಿ ಅಂಗಡಿ ಇದ್ದರೆ ಒಂದು ಗಾಡಿ ರಸ್ತೆಗೆ ಇಳಿಯುವುದು ತಪ್ಪಿತು. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಕಾರಣ ಕೊಟ್ಟರು: ಅಂಗಡಿ ಇರುವ ಬೀದಿಯಲ್ಲಿ ಸದಾ ಯಾರಾದರೂ ನೋಡುತ್ತಾ ಇರ್ತಾರೆ, ಹಾಗಾಗಿ ಬೀದಿ ಸುರಕ್ಷಿತ. ಸಂಜೆ ಏಳರ ಮೇಲೆ ಲ್ಯಾಬ್ ಮುಗಿಸಿ ಒಳರಸ್ತೆಯಲ್ಲಿ ನಡೆದು ಪಿಜಿಗೆ ಹೋಗುವ ನಮ್ಮ ಗೆಳತಿಯರನ್ನು ಕೇಳಿ ನೋಡಿ, ಮೂಲೆಯಲ್ಲಿ ದೀಪ ಉರಿಯುವ ಒಂದು ಗೂಡಂಗಡಿ ಎಷ್ಟು ಧೈರ್ಯ ಕೊಡ್ತದೆ ಅಂತ.

ಬೇಡ ಅನ್ನುವವರ ಮಾತು

ಬೇಡ ಅನ್ನುವವರೂ ಹೊಟ್ಟೆಕಿಚ್ಚಿನವರಲ್ಲ. ಬ್ಯಾಂಕ್ ಸಾಲ ಮಾಡಿ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರು ಕೊಂಡದ್ದು ಗೋಡೆ, ಮಾಡು ಮಾತ್ರ ಅಲ್ಲ. ನಿದ್ದೆ, ಬಾವಿಯ ನೀರು, ಗೇಟಿನ ಮುಂದಿನ ಜಾಗವನ್ನೂ ಸೇರಿಸಿ ಕೊಂಡಿದ್ದಾರೆ. "ಮೊದಲು ಒಂದು ಸಣ್ಣ ಅಂಗಡಿ, ಆಮೇಲೆ ಅದಕ್ಕೆ ಶೀಟ್ ಹಾಕಿ ಹೋಟೆಲ್, ಆಮೇಲೆ ಗೋಡೌನ್" ಅನ್ನುವ ಹೆದರಿಕೆ ಸುಳ್ಳಲ್ಲ. ಒಮ್ಮೆ ಬಿಟ್ಟ ಮೇಲೆ ಹಿಂದೆ ತಳ್ಳುವುದು ಕಷ್ಟ.

ಕಾನೂನು ಇಂಥ ನೆರೆಹೊರೆಯವರ ಮಾತನ್ನು ಕೇಳಿಸಿಕೊಂಡಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಅಂತ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಆಸ್ಪತ್ರೆಯೂ ಊರಿಗೆ ಬೇಕಾದದ್ದೇ. ಆದರೆ ಯೋಜನೆಯನ್ನು ಬದಲಿಸುವಾಗ ಅಲ್ಲಿ ಬದುಕುವವರನ್ನು ಬದಿಗೆ ಸರಿಸುವ ಹಾಗಿಲ್ಲ.

ಆದರೆ ಆಕ್ಷೇಪದಲ್ಲೂ ಎರಡು ಬಗೆ ಉಂಟು. ವ್ಯಾಪಾರದ ಬಗ್ಗೆ ಆಕ್ಷೇಪ ಒಂದು, ವ್ಯಾಪಾರಿಯ ಬಗ್ಗೆ ಆಕ್ಷೇಪ ಇನ್ನೊಂದು. ನಮ್ಮ ಕರಾವಳಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಅರ್ಜಿದಾರರ ಜಾತಿ, ಮತ, ಹೆಸರು ನೋಡಿ "ನಮ್ಮ ಬೀದಿಗೆ ಬೇಡ" ಅನ್ನುವುದಕ್ಕೆ ಸಂವಿಧಾನದಲ್ಲಿ ಜಾಗ ಇಲ್ಲ. 19(1)(ಜಿ) ವಿಧಿ ಯಾವುದೇ ನಾಗರಿಕನಿಗೆ ಉದ್ಯೋಗ, ವ್ಯಾಪಾರ ಮಾಡುವ ಹಕ್ಕು ಕೊಡ್ತದೆ. 19(6) ಸಾರ್ವಜನಿಕ ಹಿತಕ್ಕಾಗಿ ಸಮಂಜಸವಾದ ಮಿತಿ ಹಾಕಲು ಬಿಡ್ತದೆ. ಸದ್ದು, ನೀರು, ಗಾಡಿ ಇವು ಸಮಂಜಸ ಕಾರಣಗಳು. ಹೆಸರು ಅಲ್ಲ. ಹಾಗಾಗಿ "ಸುತ್ತಲಿನವರೆಲ್ಲ ಸಹಿ ಹಾಕಿದರೆ ಮಾತ್ರ ಅನುಮತಿ" ಅನ್ನುವ ನಿಯಮ ಕೇಳಲು ಚಂದ, ಬಳಸುವಾಗ ಅಪಾಯ. ಸಹಿಗಿಂತ ಅಳತೆ ನ್ಯಾಯ.

ಲೆಕ್ಕ ಮಾಡಿ ನೋಡುವ

ಅಳತೆ ಅಂದ ಮೇಲೆ ಪೆನ್ನು ಹಿಡಿಯಿರಿ. ಒಂದು ಸೆಂಟ್ಸ್ ಅಂದರೆ ಸುಮಾರು 40.5 ಚದರ ಮೀಟರ್. ಐದು ಸೆಂಟ್ಸ್ ಜಾಗ ಸುಮಾರು 202 ಚದರ ಮೀಟರ್. ಚೌಕಾಕಾರ ಅಂತ ಇಟ್ಟುಕೊಂಡರೆ ಒಂದು ಬದಿ 14.2 ಮೀಟರ್.

ಮೊದಲು ನೀರು. ಒಳಚರಂಡಿ ಇಲ್ಲದ ಕಡೆ ಎಲ್ಲರದೂ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ. ನಮ್ಮ ಜಿಲ್ಲೆಯಲ್ಲಿ ಬಾವಿಯೂ ಮನೆಮನೆಗೆ ಉಂಟು. ಕೆಳಗೆ ನೀರು ಸಲೀಸಾಗಿ ಹರಿಯುವ ಮುರಕಲ್ಲು. ಭಾರತೀಯ ಮಾನಕ ಐಎಸ್ 2470ರ ಎರಡನೇ ಭಾಗ ಇಂಗುಗುಂಡಿ ಮತ್ತು ಕುಡಿಯುವ ನೀರಿನ ಮೂಲದ ನಡುವೆ ಕನಿಷ್ಠ 18 ಮೀಟರ್ ಇರಬೇಕು ಅನ್ನುತ್ತದೆ. 14.2 ಮೀಟರ್ ಬದಿಯ ಜಾಗದ ಕರ್ಣ 20.1 ಮೀಟರ್. ಅಂದರೆ ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ಇಟ್ಟರೆ ಮಾತ್ರ ಹೇಗೋ ಆಗ್ತದೆ. ಆಗ ನಿಮ್ಮ ಗುಂಡಿ ಪಕ್ಕದ ಮನೆಯವರ ಬಾವಿಗೆ ಎಷ್ಟು ಹತ್ತಿರ ಹೋಯಿತು? ಬರೀ ಮನೆಗಳಿರುವಾಗಲೇ ಇಲ್ಲಿ ಲೆಕ್ಕ ಬಿಗಿ.

ಈಗ ಆ ಗುಂಡಿಗೆ ಎಷ್ಟು ನೀರು ಹೋಗ್ತದೆ ನೋಡಿ. ಐಎಸ್ 1172ರ ಅಂದಾಜು ಬಳಸುವ. ಮನೆಯಲ್ಲಿ ತಲಾ 135 ಲೀಟರ್. ಐದು ಜನರ ಸಂಸಾರಕ್ಕೆ ದಿನಕ್ಕೆ 675 ಲೀಟರ್. ಇಬ್ಬರು ಕೆಲಸದವರಿರುವ ಟೈಲರ್ ಅಂಗಡಿ, ತಲಾ 45 ಲೀಟರ್, ಒಟ್ಟು 90. ನಲವತ್ತು ಸೀಟಿನ ಹೋಟೆಲ್, ಸೀಟಿಗೆ 70 ಲೀಟರ್, ಒಟ್ಟು 2,800. ಮೂವತ್ತು ಹಾಸಿಗೆಯ ಪಿಜಿ, ತಲಾ 135. ಒಟ್ಟು 4,050 ಲೀಟರ್. ಒಂದು ಸಂಸಾರದ ಆರು ಪಟ್ಟು.

ಇಲ್ಲಿ ಸ್ವಲ್ಪ ನಿಲ್ಲಿ. ಟೈಲರ್ ಅಂಗಡಿ "ವಾಣಿಜ್ಯ", ಪಿಜಿ ಬಹುತೇಕರ ಕಣ್ಣಿಗೆ "ವಾಸದ ಮನೆ". ಜಿಎಸ್‌ಟಿ ಸಂಬಂಧದ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಹಾಸ್ಟೆಲ್ಲಿಗೆ ಕೊಟ್ಟ ಕಟ್ಟಡವನ್ನು ವಾಸದ ಮನೆ ಅಂತಲೇ ಕಂಡಿತು. ಅದು ತೆರಿಗೆಯ ಪ್ರಶ್ನೆ. ಪಕ್ಕದ ಮನೆಯ ಬಾವಿಗೆ ತೆರಿಗೆಯ ಕಾನೂನು ಗೊತ್ತಿಲ್ಲ. ಅದಕ್ಕೆ 90 ಲೀಟರ್ ಮತ್ತು 4,050 ಲೀಟರ್ ನಡುವಿನ ವ್ಯತ್ಯಾಸ ಮಾತ್ರ ಗೊತ್ತು. ಬೀಡಿ ಕಟ್ಟುವ ಮನೆ ಬಗ್ಗೆ ಯಾರೂ ಯಾಕೆ ದೂರಲಿಲ್ಲ ಅಂತ ಆಗ ಕೇಳಿದೆವಲ್ಲ, ಉತ್ತರ ಇಲ್ಲಿದೆ. ಹೊರೆ ಎಷ್ಟು ಅನ್ನುವುದು ಮುಖ್ಯ, ಹಣೆಪಟ್ಟಿ ಅಲ್ಲ.

ಎರಡನೆಯದು ಸದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಡೀಸೆಲ್ ಜನರೇಟರಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮಿತಿ ಉಂಟು. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ ಅಂತ ಫಿಸಿಕ್ಸಿನಲ್ಲಿ ಕಲಿತಿದ್ದೇವೆ. 75ರಿಂದ 55ಕ್ಕೆ ಇಳಿಯಲು 10 ಮೀಟರ್ ಬೇಕು. 45ಕ್ಕೆ ಇಳಿಯಲು ಸುಮಾರು 32 ಮೀಟರ್. ನಮ್ಮ ಜಾಗದ ಬದಿ 14 ಮೀಟರ್. ಅಂದರೆ ನಿಯಮ ಪಾಲಿಸುವ ಜನರೇಟರ್ ಕೂಡ ಹಗಲು ಸರಿಹೋಗಬಹುದು, ರಾತ್ರಿ ಪಕ್ಕದ ಮನೆಯವರ ನಿದ್ದೆ ಕೆಡಿಸಿಯೇ ಕೆಡಿಸ್ತದೆ. ಹಾಗಾದರೆ ವ್ಯಾಪಾರದ ಜಾತಕದಲ್ಲಿ ಗಂಟೆಯೂ ಮುಖ್ಯ.

ಮೂರನೆಯದು ರಸ್ತೆ. ಒಳರಸ್ತೆ 6 ಮೀಟರ್, ಅಂದರೆ ಸುಮಾರು 20 ಅಡಿ ಅಂತ ಇಟ್ಟುಕೊಳ್ಳಿ. ಕಾರಿನ ಅಗಲ ಸುಮಾರು 1.8 ಮೀಟರ್. ಒಂದು ಬದಿ ನಿಲ್ಲಿಸಿದರೆ 4.2 ಮೀಟರ್ ಉಳಿಯಿತು, ಪರವಾಗಿಲ್ಲ. ಎರಡೂ ಬದಿ ನಿಲ್ಲಿಸಿದರೆ 2.4 ಮೀಟರ್. ಅಗ್ನಿಶಾಮಕ ವಾಹನದ ಅಗಲವೇ ಸುಮಾರು 2.5 ಮೀಟರ್. ಆ ಬೀದಿಯ ಕೊನೆಯ ಮನೆಗೆ ಬೆಂಕಿ ಬಿದ್ದರೆ ಗಾಡಿ ಮೂಲೆಯಲ್ಲೇ ನಿಲ್ಲಬೇಕು. ಇಲ್ಲಿ ಅಂಗಡಿಗೂ ಮದುವೆ ಮನೆಗೂ ವ್ಯತ್ಯಾಸ ಇಲ್ಲ; ಆದರೆ ಮದುವೆ ಒಂದು ದಿನ, ಅಂಗಡಿ ದಿನಾ.

ದೊಡ್ಡ ಊರುಗಳು ಕಲಿತ ಪಾಠ

ವಲಯ ವಿಂಗಡಣೆಯ ಪ್ರಸಿದ್ಧ ಮೊಕದ್ದಮೆ ಕೂಡ ಒಂದು ಸಣ್ಣ ಊರಿನದ್ದೇ. ಅಮೆರಿಕದ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರು ತನ್ನ ಜಾಗವನ್ನು ವಲಯಗಳಾಗಿ ಹಂಚಿದಾಗ ಒಂದು ಭೂಮಾಲೀಕ ಕಂಪನಿ ಕೋರ್ಟಿಗೆ ಹೋಯಿತು. 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಅನ್ನುವ ಪದ್ಧತಿ ಬಲ ಪಡೆಯಿತು. ಕಾರಿಲ್ಲದೆ ಹಾಲು ತರಲಾಗದ ಬಡಾವಣೆಗಳೂ ಅದರ ಜೊತೆಗೇ ಬೆಳೆದವು.

ದೆಹಲಿಯಲ್ಲಿ ಉಲ್ಟಾ. ದಶಕಗಳ ಕಾಲ ಮನೆಗಳು ಅಂಗಡಿಯಾಗುತ್ತಾ ಹೋದವು, ಆಡಳಿತ ನೋಡಿಯೂ ನೋಡದ ಹಾಗಿತ್ತು. 2006ರ ಫೆಬ್ರವರಿಯಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವಕ್ಕೆ ಬೀಗ ಮುದ್ರೆ ಹಾಕಲು ಹೇಳಿತು. ಬೀದಿಗಳಲ್ಲಿ ಪ್ರತಿಭಟನೆ, ಗಲಭೆ, ಜೀವಗಳೂ ಹೋದವು. ಕೊನೆಗೆ ಸರಕಾರ ಎರಡು ಸಾವಿರಕ್ಕೂ ಹೆಚ್ಚು ರಸ್ತೆಗಳನ್ನು ವಾಣಿಜ್ಯ ಅಥವಾ ಮಿಶ್ರ ಬಳಕೆಗೆ ಅಂತ ಗುರುತಿಸಿತು. 2007ರ ಫೆಬ್ರವರಿಯಲ್ಲಿ ಹೊಸ ಮಹಾಯೋಜನೆ ಬಂತು. ಮೊದಲೇ ಮಾಡಬಹುದಾಗಿದ್ದ ಕೆಲಸವನ್ನು ಗಲಾಟೆ ಆದ ಮೇಲೆ ಮಾಡಿದ ಹಾಗಾಯಿತು.

ಬೆಂಗಳೂರು 2007ರಲ್ಲಿ ಒಪ್ಪಿದ ಮಾಸ್ಟರ್ ಪ್ಲಾನ್‌ನಲ್ಲಿ ವಸತಿ ವಲಯವನ್ನೇ ಎರಡು ಮಾಡಿ, ಒಂದನ್ನು "ವಸತಿ (ಮಿಶ್ರ)" ಅಂತ ಕರೆಯಿತು. ಕೋರಮಂಗಲ, ಇಂದಿರಾನಗರದ ಒಳರಸ್ತೆಗಳಲ್ಲಿ ಪಬ್ಬು, ಕಚೇರಿ ಬಂದಾಗ ನಾಗರಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಆಮೇಲಿನ ಇಡೀ ಚರ್ಚೆ ಒಂದು ಸಂಖ್ಯೆಯ ಸುತ್ತ ನಿಂತಿತು: 40 ಅಡಿ. ಅದಕ್ಕಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಬೇಡ ಅನ್ನುವುದು. ಸರಳ ನಿಯಮ. ಆದರೆ ಅದನ್ನು ಹಾಗೇ ತಂದು ಮೂಡುಬಿದಿರೆಯ ಪೇಟೆಗೋ ಉಜಿರೆಯ ಒಳರಸ್ತೆಗೋ ಹಾಕಿದರೆ ಟೈಲರಿಗೂ ಜಾಗ ಇರುವುದಿಲ್ಲ. ನಮ್ಮ ಒಳರಸ್ತೆಗಳಲ್ಲಿ 40 ಅಡಿಯವು ಎಷ್ಟು ಸಿಕ್ಕಾವು?

ಜಪಾನಿನ ಸಣ್ಣ ನಿಯಮ

ಇಲ್ಲಿ ಜಪಾನಿನಿಂದ ಕಲಿಯಲಿಕ್ಕೆ ಉಂಟು. ಅಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ವಲಯಪಟ್ಟಿ. ಅತಿ ಕಟ್ಟುನಿಟ್ಟಿನ, ತಗ್ಗು ಮನೆಗಳ ವಸತಿ ವಲಯದಲ್ಲೂ ಮನೆಯ ಜೊತೆಗೆ ಸಣ್ಣ ಅಂಗಡಿ ಇಡಬಹುದು. ಗಾತ್ರದ ಷರತ್ತು ಎರಡು: 50 ಚದರ ಮೀಟರ್ ಮೀರಬಾರದು, ಮನೆಯ ಒಟ್ಟು ನೆಲದ ಅರ್ಧಕ್ಕಿಂತ ಕಡಿಮೆ ಇರಬೇಕು. ಅದರ ಮುಂದಿನ ವಲಯದಲ್ಲಿ 150 ಚದರ ಮೀಟರ್, ಅದಕ್ಕೂ ಮುಂದೆ 500. ಮೆಟ್ಟಿಲು ಮೆಟ್ಟಿಲಾಗಿ ಗಾತ್ರ ಏರ್ತದೆ. ಅಂಗಡಿಯವರು ಮೇಲೆಯೇ ವಾಸ ಮಾಡುವುದರಿಂದ ರಾತ್ರಿ ಸದ್ದು ಮಾಡಿದರೆ ಮೊದಲು ನಿದ್ದೆ ಕೆಡುವುದು ಅವರದೇ.

ಈ ನಿಯಮದ ಇನ್ನೊಂದು ಗುಣ ನಮ್ಮಂಥ ಊರಿಗೆ ಮುಖ್ಯ. ಹೊರೆಯನ್ನು ಅಳೆಯಬೇಕು ಅಂತ ನಾವು ಮೇಲೆ ಹೇಳಿದೆವು. ಆದರೆ ಯಾರು ಅಳೆಯುವುದು? ಪಂಚಾಯತಿನಲ್ಲಿ ಡೆಸಿಬೆಲ್ ಮೀಟರ್ ಇಲ್ಲ, ಇದ್ದರೂ ರಾತ್ರಿ ಹನ್ನೊಂದಕ್ಕೆ ಬಂದು ಹಿಡಿಯುವವರಿಲ್ಲ. ಅಳತೆ ಕಷ್ಟವಾದಷ್ಟು ಚೌಕಾಸಿಗೆ ದಾರಿ ಜಾಸ್ತಿ. "ಸ್ವಲ್ಪ ನೋಡಿಕೊಳ್ಳಿ" ಅನ್ನುವ ಮಾತು ಅಲ್ಲೇ ಹುಟ್ಟುವುದು. ನೆಲದ ಅಳತೆಯನ್ನಾದರೆ ಟೇಪ್ ಹಿಡಿದು ಯಾರು ಬೇಕಾದರೂ ನೋಡಬಹುದು. ನಿಯಮ ಮಾಡುವಾಗ ಹೊರೆಯ ಲೆಕ್ಕ ಹಾಕಿ, ನಿಯಮ ಬರೆಯುವಾಗ ಟೇಪಿನಲ್ಲಿ ಅಳೆಯುವ ಹಾಗೆ ಬರೆಯಬೇಕು.

ಹಾಗಾದರೆ ನಮ್ಮ ಊರಿಗೆ?

ನಮ್ಮ ಅಭಿಪ್ರಾಯವನ್ನು ಮೂರು ಮೆಟ್ಟಿಲಿನಲ್ಲಿ ಹೇಳ್ತೇವೆ. ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.

ಒಂದು: ಮನೆಯವರೇ ವಾಸ ಮಾಡುತ್ತಾ, ಮನೆಯ ಸಣ್ಣ ಪಾಲಿನಲ್ಲಿ, ಹಗಲಿನಲ್ಲಿ, ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಬರೀ ನೋಂದಣಿ ಸಾಕು. ಟೈಲರ್, ಟ್ಯೂಷನ್, ಹಪ್ಪಳ, ಸಣ್ಣ ದಿನಸಿ, ಕಂಪ್ಯೂಟರ್ ಕೆಲಸ. ಇವರನ್ನು ಕಚೇರಿ ಕಚೇರಿ ಅಲೆಸಿದರೆ ಅವರು ಕದ್ದು ಮಾಡ್ತಾರೆ, ಊರಿಗೆ ಲೆಕ್ಕವೂ ಸಿಗುವುದಿಲ್ಲ.

ಎರಡು: ಹೋಟೆಲ್, ಮೆಸ್, ಪಿಜಿ, ಕ್ಲಿನಿಕ್ ಇವಕ್ಕೆ ಮೊದಲೇ ಪ್ರಕಟಣೆ ಬೇಕು. ಪತ್ರಿಕೆಯ ಮೂಲೆಯಲ್ಲಿ ಮಾತ್ರ ಅಲ್ಲ, ಅದೇ ಜಾಗದ ಪಾಗಾರದ ಮೇಲೆ ದೊಡ್ಡ ಅಕ್ಷರದಲ್ಲಿ. ಎಷ್ಟು ಸೀಟು, ಎಷ್ಟು ಹಾಸಿಗೆ, ಗುಂಡಿ ಎಲ್ಲಿ, ಹತ್ತಿರದ ಬಾವಿ ಎಲ್ಲಿ, ಗಾಡಿ ನಿಲ್ಲಿಸಲು ಜಾಗ ಎಲ್ಲಿ ಅಂತ ನಕ್ಷೆಯಲ್ಲಿ ತೋರಿಸಬೇಕು. ಆಕ್ಷೇಪ ಬರೆಯುವವರೂ ಈ ವಿಷಯಗಳ ಮೇಲೆಯೇ ಬರೆಯಬೇಕು.

ಮೂರು: ವೆಲ್ಡಿಂಗ್, ಮರದ ಮಿಲ್ಲು, ಗ್ಯಾರೇಜ್, ಗೋಡೌನ್, ರಾತ್ರಿ ನಡೆಯುವ ವ್ಯಾಪಾರ ಇವು ಮನೆ ಸಾಲಿನಲ್ಲಿ ಬೇಡ. ಆದರೆ "ಬೇಡ" ಅಂದು ಕೈತೊಳೆದುಕೊಂಡರೆ ಆಗದು. ಬಡವನಾದ ವೆಲ್ಡರ್ ಮೈನ್ ರೋಡಿನ ಬಾಡಿಗೆ ಕೊಡಲಾರ ಅಂತಲೇ ಒಳಗೆ ಬಂದದ್ದು. ಪುರಸಭೆ, ಪಂಚಾಯತುಗಳು ಇಂಥವರಿಗೆ ಕಡಿಮೆ ಬಾಡಿಗೆಯ ಶೆಡ್ಡುಗಳನ್ನು ಊರ ಅಂಚಿನಲ್ಲಿ ಕಟ್ಟಿಕೊಟ್ಟ ಮೇಲೆ ಈ ನಿಯಮಕ್ಕೆ ನ್ಯಾಯದ ಬಲ ಬರ್ತದೆ.

ಈಗಾಗಲೇ ಇರುವವರ ಗತಿ ಏನು? ದೆಹಲಿ, ಮೀರತ್ ಎರಡೂ ಹೇಳುವುದು ಒಂದೇ: ತಡ ಮಾಡಿದಷ್ಟು ಪೆಟ್ಟು ಜಾಸ್ತಿ. ಇಂದು ಅಂಗಡಿ ನಡೆಸುವವರು ತಮ್ಮ ಕಾಗದಗಳನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಕನ್ವರ್ಷನ್ ಆದೇಶದಲ್ಲಿ ವಾಸ ಅಂತ ಉಂಟಾ, ವಾಣಿಜ್ಯ ಅಂತ ಉಂಟಾ? ಮಹಾಯೋಜನೆಯಲ್ಲಿ ಬಣ್ಣ ಯಾವುದು? ಕಟ್ಟಡ ಪರವಾನಗಿ ಯಾವುದಕ್ಕೆ? ಈ ಮೂರಕ್ಕೂ ಒಂದೇ ಉತ್ತರ ಬಂದರೆ ನಿಶ್ಚಿಂತೆ.

ನಿಮಗೊಂದು ಕೆಲಸ

ಓದಿ ಮುಗಿಸಿದ ಮೇಲೆ ಈ ವಾರಾಂತ್ಯದಲ್ಲಿ ಇಷ್ಟು ಮಾಡಿ. ನೀವು ಇರುವ ಪಿಜಿ ಅಥವಾ ಬಾಡಿಗೆ ಮನೆಯ ಇಂಗುಗುಂಡಿಯಿಂದ ಪಕ್ಕದ ಮನೆಯ ಬಾವಿಗೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ಅಳೆಯಿರಿ. ಹಾಸಿಗೆಗಳನ್ನು ಎಣಿಸಿ 135ರಿಂದ ಗುಣಿಸಿ. ಸಂಜೆ ಏಳಕ್ಕೆ ನಿಮ್ಮ ಬೀದಿಯಲ್ಲಿ ನಿಂತ ಬೈಕುಗಳನ್ನು ಬಿಟ್ಟು ಉಳಿದ ರಸ್ತೆಯ ಅಗಲ ಎಷ್ಟು ನೋಡಿ. ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪಕ್ಕದ ಮನೆಯ ಅಜ್ಜನನ್ನೋ ಅಮ್ಮನನ್ನೋ ಮಾತಾಡಿಸಿ: "ನಾವು ಇಲ್ಲಿ ಇರುವುದರಿಂದ ನಿಮಗೆ ಎಂತಾದರೂ ತೊಂದರೆ ಉಂಟಾ?" ಅಂತ. ಮುಂದಿನ ಗ್ರಾಮಸಭೆ ಯಾವಾಗ ಅಂತ ಪಂಚಾಯತಿನ ಹಲಗೆಯಲ್ಲಿ ನೋಡಿ, ಆ ಚೀಟಿ ಹಿಡಿದುಕೊಂಡು ಹೋಗಿ. ಅಲ್ಲಿ ಜೋರಾಗಿ ಮಾತಾಡುವವರು ಬೇಕಾದಷ್ಟಿದ್ದಾರೆ. ಅಳತೆ ತೆಗೆದುಕೊಂಡು ಬಂದವರು ಕಡಿಮೆ.